ಸೋಮವಾರದ ಹಾಜರಿ

ಪೊಲೀಸ್ ಠಾಣೆಯ ನೆನಪಾದರೆ ನನಗೆ ಖುಷಿಯಾಗುತ್ತದೆ. ಹೀಗೆಂದರೆ ನನ್ನ ಮಗಳು ಹಣೆ ಚಚ್ಚಿಕೊಳ್ಳುತ್ತಾಳೆ. "ಅಮ್ಮ, ನಾಲ್ಕು ಜನರ ಮುಂದೆ ಇದನ್ನೆಲ್ಲ ಹೇಳಬೇಡ" ಅನ್ನುತ್ತಾಳೆ. ಅವಳು ಹೇಳುವುದೂ ಸರಿಯೇ. ಆದರೆ ಬಾಲ್ಯ ಕಳೆಯುವ ಜಾಗವನ್ನು ಯಾರೂ ನಮ್ಮನ್ನು ಕೇಳಿ ಗೊತ್ತುಮಾಡುವುದಿಲ್ಲ. ಬೇರೆಯವರಿಗೆ ಆಟದ ಬಯಲು ನೆನಪಾದರೆ ನನಗೆ ಠಾಣೆಯ ಹಿಂದಿನ ಅಂಗಳ ನೆನಪಾಗುತ್ತದೆ. ಸೋರುವ ನಲ್ಲಿ, ಅದರ ಕೆಳಗೆ ಪಾಚಿ ಕಟ್ಟಿದ ಚಪ್ಪಡಿ, ಮುರಿದ ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಬೆಂಚು, ಶಾಯಿಯ ವಾಸನೆ. ಎಲ್ಲ ನೆನಪಾದ ಮೇಲೆ, ಯಾಕಾದರೂ ನೆನಪಾಯಿತೋ ಅಂತ ನನ್ನ ಮೇಲೇ ಸಿಟ್ಟು ಬರುತ್ತದೆ.

ನಾವು ಸಾಣೆಯವರು. ಚಾಕು, ಕತ್ತರಿ, ಕ್ಷೌರದ ಕತ್ತಿ, ಇವನ್ನು ಹರಿತ ಮಾಡಿಕೊಡುವುದು ನಮ್ಮ ಕಸುಬು. ಎಷ್ಟೋ ತಲೆಮಾರಿನ ಹಿಂದೆ ಬೇರೆಲ್ಲಿಂದಲೋ ಬಂದ ಜನ. ಮೈಬಣ್ಣ ಬೇರೆ, ಮೂಗಿನ ಆಕಾರ ಬೇರೆ, ಮನೆಯೊಳಗಿನ ಮಾತು ಬೇರೆ. ಎಷ್ಟು ಕಾಲವಾದರೂ ಊರಿನವರ ಲೆಕ್ಕದಲ್ಲಿ ನಾವು ನಿನ್ನೆ ಬಂದವರು. ಚಕ್ರದ ಸದ್ದು ಕೇಳಿ ಚಾಕು ಹಿಡಿದು ಓಡಿಬರುತ್ತಿದ್ದ ಹೆಂಗಸರೇ ನಾವು ಬೀದಿ ದಾಟಿದ ಮೇಲೆ ಬಾಗಿಲ ಚಿಲಕವನ್ನು ಎರಡು ಸಲ ನೋಡಿಕೊಳ್ಳುತ್ತಿದ್ದರು. ಸರ್ಕಾರಕ್ಕೂ ಅದೇ ಅನುಮಾನ. ಹಾಗಾಗಿ ನಮ್ಮ ಜನಕ್ಕೆಂದೇ ಒಂದು ನಿಯಮವಿತ್ತು. ಹದಿನಾಲ್ಕು ತುಂಬಿದ ಪ್ರತಿಯೊಬ್ಬರೂ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಹೋಗಿ ಒಂದು ದಪ್ಪ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ನಾವು ಏನನ್ನೂ ಕದ್ದಿರಲಿಲ್ಲ, ಕದ್ದೆವೆಂದು ಯಾರೂ ದೂರೂ ಕೊಟ್ಟಿರಲಿಲ್ಲ. ಸಾಣೆಯವರ ಮನೆಯಲ್ಲಿ ಹುಟ್ಟಿದ್ದೇ ಸಾಕಾಗಿತ್ತು.

ಸೋಮವಾರ ನಮ್ಮ ಓಣಿಗೆ ಬೇಗ ಬೆಳಗಾಗುತ್ತಿತ್ತು. ಅಮ್ಮ ನನ್ನ ತಲೆಗೆ ಎಣ್ಣೆ ಸುರಿದು, ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ ಜಡೆ ಎಳೆಯುತ್ತಿದ್ದಳು. ಅಪ್ಪ ಒಗೆದ ಅಂಗಿ ತೊಡುತ್ತಿದ್ದ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ದೊಡ್ಡವರು ಯಾರೂ ಉಳಿಯುತ್ತಿರಲಿಲ್ಲವಾದ್ದರಿಂದ ನಾವೂ ಬಾಲದ ಹಾಗೆ ಹಿಂದೆ ಹೊರಡುತ್ತಿದ್ದೆವು. ವಾರವಿಡೀ ಬೇರೆ ಬೇರೆ ಬೀದಿಗಳಲ್ಲಿ ಚಕ್ರ ತಳ್ಳಿಕೊಂಡು ಅಲೆಯುವ ಜನ ಒಟ್ಟಿಗೆ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಆ ಸಾಲಿನಲ್ಲೇ ಮದುವೆಯ ಮಾತುಕತೆ ಮುಗಿಯುತ್ತಿತ್ತು, ಅಲ್ಲೇ ಜಗಳ ಶುರುವಾಗುತ್ತಿತ್ತು, ಯಾವ ಮನೆಯ ನಾಯಿ ಕಚ್ಚುತ್ತದೆ ಅನ್ನುವ ಸುದ್ದಿಯೂ ಅಲ್ಲೇ ಹಂಚಿಕೆಯಾಗುತ್ತಿತ್ತು. ಅಪ್ಪ ಅಮ್ಮನನ್ನು ಮೊದಲು ನೋಡಿದ್ದು ಕೂಡ ಆ ಸಾಲಿನಲ್ಲೇ ಅಂತೆ. "ಪೊಲೀಸ್ ಕಾವಲಲ್ಲಿ ಹೆಣ್ಣು ನೋಡಿದೋನು ನಾನೊಬ್ಬನೇ" ಅಂತ ಅಪ್ಪ ಜಂಬ ಕೊಚ್ಚಿಕೊಂಡರೆ, "ಓಣಿಯ ಅರ್ಧ ಗಂಡಸರು ಹಾಗೇ ನೋಡಿದ್ದು, ಸುಮ್ನಿರಿ" ಅಂತ ಅಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ಆ ಪುಸ್ತಕ ಇದ್ದದ್ದು ರೈಟರ್ ಕೈಯಲ್ಲಿ. ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸಿನವನನ್ನು ಹಾಗೆ ಕರೆಯುತ್ತಿದ್ದರು. ಆಗ ನಾನು 'ಅವರು' ಅನ್ನುತ್ತಿದ್ದೆ, ಈಗ ಬಾಯಿಗೆ ಬರುವುದಿಲ್ಲ. ತೆಳ್ಳನೆಯ ಮನುಷ್ಯ, ಮೀಸೆಯ ಮೇಲೆ ವಿಪರೀತ ಮೋಹ. ಪುಸ್ತಕದಲ್ಲಿ ನಮ್ಮ ನಿಜವಾದ ಹೆಸರುಗಳಿದ್ದರೂ ಅವನು ಅವನ್ನು ಕೂಗಿದ್ದು ನಾನು ಕೇಳಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಅಡ್ಡಹೆಸರು ಇಟ್ಟಿದ್ದ. ಸದಾ ಕೆಮ್ಮುವ ತಾತ ಕೆಮ್ಮಜ್ಜ. ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಂಡೇ ಇರುವ, ಆದರೆ ಮನೆಯಲ್ಲಿ ಬೀಗ ಹಾಕುವಂಥದ್ದು ಏನೂ ಇಲ್ಲದ ಅತ್ತೆ ಬೀಗದಮ್ಮ. ನಿಂತಲ್ಲೇ ತೂಕಡಿಸುವವನು ನಿದ್ದೆಗಣ್ಣ. ಬಾಗಿಲಿಗೆ ತಲೆ ಬಗ್ಗಿಸಿ ಬರುವ ನನ್ನ ಅಪ್ಪ ಉದ್ದಪ್ಪ. ಅಂಗಿಯ ಕಾಲರ್ ನೆಟ್ಟಗೆ ನಿಲ್ಲಿಸಿಕೊಂಡು ಓಡಾಡುವ ನನ್ನ ಚಿಕ್ಕಪ್ಪ ದೊರೆ. ಹೆಸರು ಕೂಗಿದರೆ "ಹಾಜರ್" ಅನ್ನಬೇಕು, ಮುಂದೆ ಹೋಗಿ ಹೆಬ್ಬೆಟ್ಟು ಒತ್ತಬೇಕು. ಎರಡು ಸಲ ಕೂಗಿದರೂ ಉತ್ತರ ಬರದಿದ್ದರೆ ಗೈರು ಅಂತ ಬರೆದುಬಿಡುವುದು ನಿಯಮ.

ಅವನು ಬರೀ ಕೂಗುತ್ತಿರಲಿಲ್ಲ, ವಿಚಾರಿಸಿಕೊಳ್ಳುತ್ತಿದ್ದ. "ಬೀಗದಮ್ಮ, ಮಂಡಿ ಹೇಗಿದೆ? ಉದ್ದಪ್ಪ, ಹೋದ ವಾರ ಕುಂಟ್ತಾ ಇದ್ದೆಯಲ್ಲ, ಮುಳ್ಳು ತೆಗೆಸಿದ್ಯಾ?" ನನಗೆ ಆಗ ಹನ್ನೊಂದು ವರ್ಷ, ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ. ಆದರೂ ಮೂವತ್ತೆಂಟು ಜನರದ್ದು ಮುಗಿದ ಮೇಲೆ ಕನ್ನಡಕದ ಮೇಲಿಂದ ನೋಡಿ, ಗಂಭೀರವಾಗಿ, "ಜೀರುಂಡೆ" ಅಂತ ಕೂಗುತ್ತಿದ್ದ. ಸಾಣೆ ಚಕ್ರದ ಸದ್ದನ್ನು ಬಾಯಲ್ಲಿ ಜೀರ್ ಅಂತ ಹೊರಡಿಸುವುದು ನನ್ನ ಚಟವಾಗಿತ್ತು, ಅದಕ್ಕೆ ಆ ಹೆಸರು. ನಾನು ಗಂಟಲು ಹರಿಯುವ ಹಾಗೆ "ಹಾಜರ್" ಅನ್ನುತ್ತಿದ್ದೆ. ಅಂಗಳ ಪೂರ್ತಿ ನಗುತ್ತಿತ್ತು. ಆ ಒಂದು ಕೂಗಿಗಾಗಿ ನಾನು ಭಾನುವಾರದಿಂದಲೇ ಕಾಯುತ್ತಿದ್ದೆ. ಈಗ ಯೋಚಿಸಿದರೆ ಮೈ ಉರಿಯುತ್ತದೆ. ಕೈದಿಗಳ ಹಾಗೆ ಎಣಿಸಿಕೊಳ್ಳುವುದಕ್ಕೆ ಹೊಸ ಲಂಗ ಹಾಕಿಕೊಂಡು ಹೋಗುತ್ತಿದ್ದೆನಲ್ಲ.

ಹೆಬ್ಬೆಟ್ಟಿನ ವಿಷಯವನ್ನೂ ಇಲ್ಲೇ ಹೇಳಬೇಕು. ಸಾಣೆ ಹಿಡಿಯುವಾಗ ಅಲಗನ್ನು ಕಲ್ಲಿಗೆ ಒತ್ತಿ ಹಿಡಿಯುವುದು ಹೆಬ್ಬೆರಳು. ಹರಿತ ಬಂದಿದೆಯೋ ಇಲ್ಲವೋ ಸವರಿ ನೋಡುವುದೂ ಅದೇ ಬೆರಳು. "ಕಣ್ಣಲ್ಲಿ ನೋಡಬೇಡ, ಕಣ್ಣು ಸುಳ್ಳು ಹೇಳುತ್ತೆ. ಬೆರಳಲ್ಲಿ ನೋಡು" ಅಂತ ಚಿಕ್ಕಪ್ಪ ನನಗೆ ಕಲಿಸುತ್ತಿದ್ದ. ಒಂದೆರಡು ವರ್ಷ ಈ ಕೆಲಸ ಮಾಡಿದರೆ ಆ ಬೆರಳಿನ ಗೆರೆಗಳೆಲ್ಲ ಸವೆದುಹೋಗುತ್ತವೆ. ಶಾಯಿಗೆ ಅದ್ದಿ ಒತ್ತಿದರೆ ಕಾಗದದ ಮೇಲೆ ಮೂಡುವುದು ಬರೀ ಮಸಿಯ ಬೊಟ್ಟು. ಆ ದಪ್ಪ ಪುಸ್ತಕದ ತುಂಬ ಇದ್ದದ್ದು ಇಂಥ ಬೊಟ್ಟುಗಳೇ. ರೈಟರ್‌ಗೂ ಇದು ಗೊತ್ತಿತ್ತು. ಅವನಿಗೆ ಮುಖವೇ ಸಾಕಿತ್ತು, ಬೆರಳಿನ ಹಂಗಿರಲಿಲ್ಲ.

ಪುಸ್ತಕದಿಂದ ಹೊರಗೆ ಬರಲು ಒಂದೇ ದಾರಿ. ಐದು ವರ್ಷ ಒಂದು ಸೋಮವಾರವೂ ತಪ್ಪಬಾರದು, ಮೇಲೆ ಒಂದು ದೂರೂ ಇರಬಾರದು. ಅಂಥವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ತೆಗೆದುಹಾಕುತ್ತಿದ್ದರು. ಜ್ವರವೋ, ಹೆರಿಗೆಯೋ, ಒಂದು ಸಾವೋ ಏನಾದರೊಂದು ಅಡ್ಡಬಂದು ನಮ್ಮವರಲ್ಲಿ ಯಾರೂ ಆ ಐದು ವರ್ಷ ದಾಟಿರಲಿಲ್ಲ. ಚಿಕ್ಕಪ್ಪ ಮಾತ್ರ ಹಟ ಹಿಡಿದಿದ್ದ. ಅಜ್ಜಿ ತೀರಿಕೊಂಡ ಸೋಮವಾರ ಕೂಡ ಹೆಣವನ್ನು ಮನೆಯಂಗಳದಲ್ಲಿ ಬಿಟ್ಟು ಓಡಿಹೋಗಿ ಹೆಬ್ಬೆಟ್ಟು ಒತ್ತಿ ಬಂದಿದ್ದ. ದೊಡ್ಡ ಬೀದಿಯಲ್ಲಿ ಒಂದು ಅಂಗಡಿ ಹಿಡಿಯಬೇಕು, ಚಕ್ರ ತಳ್ಳಿಕೊಂಡು ಅಲೆಯಬಾರದು, ಕುರ್ಚಿಯಲ್ಲಿ ಕೂತು ಸಾಣೆ ಹಿಡಿಯಬೇಕು ಅನ್ನುವುದು ಅವನ ಆಸೆ. ಪುಸ್ತಕದಲ್ಲಿ ಹೆಸರಿರುವವರಿಗೆ ಯಾರೂ ಅಂಗಡಿ ಕೊಡುತ್ತಿರಲಿಲ್ಲ. ಇನ್ನೂ ಎಂಟು ಸೋಮವಾರ ಬಾಕಿಯಿದ್ದಾಗಲೇ ಬೋರ್ಡು ಬರೆಸಿ ತಂದಿದ್ದ. ನೀಲಿ ಹಲಗೆ, ಮಧ್ಯೆ ಬಾಯಿ ತೆರೆದ ಬಿಳಿ ಕತ್ತರಿ. ದೃಷ್ಟಿಯಾಗುತ್ತದೆ ಅಂತ ಅಮ್ಮ ಅದನ್ನು ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಳು. ಚಿಕ್ಕಪ್ಪ ಅದನ್ನು ರೈಟರ್‌ಗೂ ಹೇಳಿಬಿಟ್ಟಿದ್ದ. ಹೊಟ್ಟೆಯಲ್ಲಿ ಮಾತು ನಿಲ್ಲುವ ಜಾಯಮಾನವಲ್ಲ ಅವನದು.

ಬೋರ್ಡು ಬಂದ ಮೇಲಿನ ಸೋಮವಾರ, ಹಾಜರಿ ಮುಗಿದ ಮೇಲೆ ರೈಟರ್ ಮೇಜಿನ ಖಾನೆಯಿಂದ ಒಂದು ಪುಟ್ಟ ಕತ್ತರಿ ತೆಗೆದ. ಹಿಡಿಯ ಒಂದು ಉಂಗುರಕ್ಕೆ ಕೆಂಪು ದಾರ ಸುತ್ತಿತ್ತು.

"ಏ ದೊರೆ, ಬಾ ಇಲ್ಲಿ. ಇದು ಮೀಸೆ ಕತ್ತರಿಸಲ್ಲ, ಕೀಳುತ್ತೆ. ಸ್ವಲ್ಪ ನೋಡು" ಅಂದ.

ಚಿಕ್ಕಪ್ಪನ ಜೇಬಿನಲ್ಲಿ ಬೆರಳುದ್ದದ ಸಾಣೆಕಲ್ಲು ಸದಾ ಇರುತ್ತಿತ್ತು. ನಲ್ಲಿಯಡಿ ಕಲ್ಲು ನೆನೆಸಿಕೊಂಡು, ಇಟ್ಟಿಗೆಯ ಬೆಂಚಿನ ಮೇಲೆ ಕೂತು ನಿಧಾನವಾಗಿ ಹರಿತ ಮಾಡಿದ. ನಾನು ಪಕ್ಕದಲ್ಲಿ ಜೀರ್ ಅನ್ನುತ್ತಿದ್ದೆ. ರೈಟರ್ ಕಿಟಕಿಯ ಸರಳಿಗೆ ಕನ್ನಡಿಯ ಚೂರು ಸಿಕ್ಕಿಸಿ ಅಲ್ಲೇ ಮೀಸೆ ಕತ್ತರಿಸಿಕೊಂಡ. ಕತ್ತರಿ ಅವನು ಎಣಿಸಿದ್ದಕ್ಕಿಂತ ಹರಿತವಾಗಿತ್ತು. ಎಡಗಡೆಯ ಅರ್ಧ ಮೀಸೆ ಒಂದೇ ಏಟಿಗೆ ಹೋಯಿತು.

"ಏನಯ್ಯ ಮಾಡಿದೆ ಇದನ್ನ?"

"ಸ್ವಾಮಿ, ಕತ್ತರಿ ಹರಿತ ಮಾಡೋದು ನನ್ನ ಕೆಲಸ. ಮೀಸೆ ಅಳೆಯೋದು ನಿಮ್ಮದು" ಅಂದ ಚಿಕ್ಕಪ್ಪ.

ಅಂಗಳ ಬಿದ್ದು ಬಿದ್ದು ನಕ್ಕಿತು. ಕೆಮ್ಮಜ್ಜನಿಗೆ ನಕ್ಕು ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. ಕೊನೆಗೆ ರೈಟರ್ ಕೂಡ ನಕ್ಕ. ನಾವು ಹೊರಟಾಗ ಠಾಣೆಯ ಗಡಿಯಾರ ಒಂಬತ್ತು ಹೊಡೆಯಿತು. ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡು, "ಏಳು ಬಾಕಿ, ಜೀರುಂಡೆ" ಅಂದ.

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಓಣಿಗೆ ಬಂದರು. ಆ ಬೆಳಿಗ್ಗೆ ಎಂಟರಿಂದ ಒಂಬತ್ತರ ಒಳಗೆ ಬಟ್ಟೆ ವ್ಯಾಪಾರಿಯ ಮನೆಯಿಂದ ಒಡವೆಯ ಪೆಟ್ಟಿಗೆ ಕಳುವಾಗಿತ್ತು. ಅಡುಗೆಯವಳು ಹಿತ್ತಲಲ್ಲಿ ಒಬ್ಬನ ಬೆನ್ನು ನೋಡಿದ್ದಳು. ಬಣ್ಣ ನೋಡಿದರೆ ಸಾಣೆಯವನ ಹಾಗಿದ್ದ ಅಂದಳು. ಹಿಂದಿನ ವಾರ ಆ ಮನೆಯ ಚಾಕುಗಳಿಗೆ ಸಾಣೆ ಹಿಡಿದವನು ಚಿಕ್ಕಪ್ಪ. ಅಷ್ಟು ಸಾಕಾಯಿತು.

"ಎಂಟು ಗಂಟೆಗೆ ನಿಮ್ಮ ಠಾಣೇಲೇ ಕೂತಿದ್ದನಲ್ಲ ಸ್ವಾಮಿ, ನಿಮ್ಮ ಕಣ್ಣ ಮುಂದೇನೇ" ಅಂತ ಅಮ್ಮ ಅವರ ಹಿಂದೆ ಓಣಿಯ ತುದಿಯವರೆಗೂ ಓಡಿದಳು.

"ಅದನ್ನೆಲ್ಲ ಕೋರ್ಟಲ್ಲಿ ಹೇಳು" ಅಂದರು.

ನಮಗೆ ಅಷ್ಟೇನೂ ಭಯವಾಗಲಿಲ್ಲ, ನಿಜವಾಗಿಯೂ. ಕೋರ್ಟಿನವರೇ ಗೊತ್ತುಮಾಡಿಕೊಟ್ಟ ವಕೀಲನಿಗೆ ಇನ್ನೂ ಎಳೆ ವಯಸ್ಸು, ಅವನೂ ಕುಣಿಯುತ್ತಿದ್ದ. "ಪುಸ್ತಕ ಪೊಲೀಸರದು, ಅಂಗಳ ಪೊಲೀಸರದು, ರೈಟರ್ ಪೊಲೀಸರವನು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?" ಅಂದ. ನಮ್ಮನ್ನು ಕಟ್ಟಿಹಾಕಲು ಇಟ್ಟ ಪುಸ್ತಕವೇ ಚಿಕ್ಕಪ್ಪನನ್ನು ಬಿಡಿಸುತ್ತದೆ ಅಂತ ಓಣಿಯೆಲ್ಲ ನಂಬಿತ್ತು. ಕೆಂಪು ಗೆರೆ ಸ್ವಲ್ಪ ತಡವಾಗಬಹುದು, ಅಷ್ಟೇ ಅಂದುಕೊಂಡೆವು.

ಮೂರು ತಿಂಗಳ ಮೇಲೆ ವಿಚಾರಣೆ ಬಂತು. ಎತ್ತರದ ಚಾವಣಿ, ಒಂದು ಸುತ್ತಿಗೆ ಒಂದು ಸಲ ಕಿರುಗುಟ್ಟುವ ಫ್ಯಾನು, ಕೂತವರ ಬೆನ್ನು ಉಜ್ಜಿ ಉಜ್ಜಿ ನುಣುಪಾದ ಬೆಂಚುಗಳು. ನಮ್ಮವರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು. ಓಣಿಯವರು ಒಬ್ಬರಾದ ಮೇಲೊಬ್ಬರು ಸಾಕ್ಷಿ ಹೇಳಿದರು. ಇವರೆಲ್ಲ ಒಂದೇ ಕುಲ, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಅಂತ ಸರ್ಕಾರಿ ವಕೀಲ ಒಂದೇ ಮಾತಿನಲ್ಲಿ ಎಲ್ಲರನ್ನೂ ಗುಡಿಸಿಹಾಕಿದ. ಆಮೇಲೆ ಪುಸ್ತಕ ತೆರೆದು ಭೂತಗನ್ನಡಿ ಇಟ್ಟ.

"ನೋಡಿ ಸ್ವಾಮಿ, ಮೂವತ್ತೆಂಟು ಹೆಬ್ಬೆಟ್ಟು, ಒಂದರಲ್ಲೂ ಗೆರೆಯಿಲ್ಲ. ಯಾರದು ಯಾವುದು ಅಂತ ಹೇಳೋಕಾಗಲ್ಲ. ಇವನ ಹೆಸರಿನ ಮುಂದೆ ಬೇರೆ ಯಾರು ಬೇಕಾದರೂ ಒತ್ತಿರಬಹುದು. ಗುರುತು ಸಿಗಬಾರದು ಅಂತ ಇವರು ಬೇಕಂತಲೇ ಕಲ್ಲಿಗೆ ಬೆರಳು ಉಜ್ಜಿ ಅಳಿಸಿಕೊಳ್ತಾರೆ" ಅಂದ.

ಕಟಕಟೆಯಲ್ಲಿ ಆಗ ನಿಂತಿದ್ದವನು ಅಪ್ಪ. ಅವನು ಜೀವನದಲ್ಲಿ ಯಾರ ಮೇಲೂ ದನಿ ಎತ್ತಿದವನಲ್ಲ, ಆದರೆ ಕಸುಬಿನ ಬಗ್ಗೆ ಯಾರಾದರೂ ತಪ್ಪು ಮಾತಾಡಿದರೆ ತಡೆದುಕೊಳ್ಳುತ್ತಿರಲಿಲ್ಲ.

"ಉಜ್ಜಿಕೊಳ್ಳೋದಲ್ಲ ಸ್ವಾಮಿ, ಸವೆಯೋದು" ಅಂದ.

"ಹೇಗೆ ಸವೆಯುತ್ತೆ?" ಅಂತ ನ್ಯಾಯಾಧೀಶರು ಕೇಳಿದರು. ಒಳ್ಳೆಯ ದನಿಯಲ್ಲೇ ಕೇಳಿದರು.

ಹೇಗೆ ಅಂದರೆ ತೋರಿಸಬೇಕಲ್ಲ. ಅಪ್ಪ ಸುತ್ತಮುತ್ತ ನೋಡಿದ. ಕಟಕಟೆಯ ಪಕ್ಕದ ಗುಮಾಸ್ತನ ಮೇಜಿನ ಮೇಲೆ ಲಕೋಟೆ ಬಿಡಿಸುವ ಚಾಕು ಇತ್ತು. ಅದನ್ನು ಎತ್ತಿಕೊಂಡು ಹೆಬ್ಬೆರಳಲ್ಲಿ ಸವರಿದ. ಅವನ ಮುಖ ಕಹಿಯಾಯಿತು. ನನಗೆ ಆ ಮುಖ ಚೆನ್ನಾಗಿ ಗೊತ್ತು, ಕೆಟ್ಟ ಅಲಗು ಕಂಡಾಗಲೆಲ್ಲ ಅದೇ ಮುಖ.

"ಅಯ್ಯೋ, ಇದು ಪೂರ್ತಿ ಮೊಂಡಾಗಿದೆಯಲ್ಲ ಸ್ವಾಮಿ. ಎರಡು ನಿಮಿಷ ಕೊಡಿ, ಸರಿ ಮಾಡ್ತೀನಿ" ಅಂದ. ಅಂದವನು ಅಂಚು ಕಾಣಲಿ ಅಂತ ಚಾಕುವನ್ನು ಬೆಳಕಿಗೆ ಎತ್ತಿ ಹಿಡಿದ. ಕಿಟಕಿ ಇದ್ದದ್ದು ನ್ಯಾಯಾಧೀಶರ ಹಿಂದೆ.

ಅವರ ಕುರ್ಚಿ ಗೋಡೆಗೆ ಬಡಿಯಿತು. ಎರಡು ಕಡೆಯಿಂದ ಪೊಲೀಸರು ಅಪ್ಪನ ಮೇಲೆ ಬಿದ್ದರು. ಗುಮಾಸ್ತ ಮೇಜಿನ ಕೆಳಗೆ ಸೇರಿಕೊಂಡ. ಅಷ್ಟು ಎತ್ತರದ ಮನುಷ್ಯನನ್ನು ಮಡಚಿ ನೆಲಕ್ಕೆ ಒತ್ತಿದರು, ಚಪ್ಪಲಿ ಒಂದು ಕಡೆ, ಅವನು ಒಂದು ಕಡೆ. "ಸಾಣೆ ಹಿಡಿದು ಕೊಡ್ತಿದ್ದೆ ಸ್ವಾಮಿ" ಅಂತ ನೆಲದಿಂದಲೇ ಹೇಳುತ್ತಿದ್ದ. ಬೇರೆ ಯಾರೇ ಆ ಚಾಕು ಎತ್ತಿಕೊಂಡಿದ್ದರೂ ಕಾಗದ ಕತ್ತರಿಸಲು ಅಂದುಕೊಳ್ಳುತ್ತಿದ್ದರು. ಎತ್ತಿಕೊಂಡದ್ದು ನಮ್ಮ ಬಣ್ಣದ ಕೈ. ಅವನ ಸಾಕ್ಷಿಯನ್ನು ಕಡತದಿಂದ ತೆಗೆದುಹಾಕಿ, ಅವನನ್ನು ಹೊರಗೆ ಕಳಿಸಿದರು. ಅಪ್ಪ ಸಾಯುವವರೆಗೂ ಆ ದಿನದ ಮಾತು ಬಂದರೆ ತಲೆ ಕೆರೆದುಕೊಂಡು, "ಅದು ನಿಜವಾಗ್ಲೂ ಮೊಂಡಾಗಿತ್ತು ಕಣೆ" ಅನ್ನುತ್ತಿದ್ದ.

ಉಳಿದವನು ರೈಟರ್ ಒಬ್ಬನೇ. ಅವನು ಕಟಕಟೆ ಹತ್ತಿದಾಗ ನಾನು ಅಮ್ಮನ ತೋಳು ಚಿವುಟಿ, ಇನ್ನು ಹೆದರಿಕೆಯಿಲ್ಲ ಅಂತ ಸನ್ನೆ ಮಾಡಿದೆ. ಅವನ ಮೀಸೆ ಎರಡೂ ಕಡೆ ಸಮನಾಗಿ ಬೆಳೆದಿತ್ತು. ಮೊದಲ ಸಾಲಿನಲ್ಲಿ, ಕೇಸು ಹಾಕಿದ ಇನ್‌ಸ್ಪೆಕ್ಟರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಆ ಸೋಮವಾರ ಎಂಟರಿಂದ ಒಂಬತ್ತರವರೆಗೆ ಈ ಆರೋಪಿ ಠಾಣೆಯಲ್ಲಿದ್ದನಾ?" ಅಂತ ನಮ್ಮ ವಕೀಲ ಕೇಳಿದ.

ರೈಟರ್ ಚಿಕ್ಕಪ್ಪನ ಕಡೆ ನೋಡಿದ. ಚಿಕ್ಕಪ್ಪ ಸಣ್ಣಗೆ ನಕ್ಕ, ಮೀಸೆಯ ನೆನಪಾಗಿರಬೇಕು.

"ಹೇಳೋಕಾಗಲ್ಲ ಸ್ವಾಮಿ" ಅಂದ ರೈಟರ್. "ಅಷ್ಟೊಂದು ಜನ ಬರ್ತಾರೆ. ಅವರೆಲ್ಲ ನೋಡೋಕೆ ಒಂದೇ ಥರ. ಯಾರು ಬಂದ್ರು, ಯಾರು ಬರಲಿಲ್ಲ ಅಂತ ಹೇಗೆ ಗುರುತು ಹಿಡಿಯಲಿ?"

ಬೀಗದಮ್ಮನ ನೋಯುವ ಮಂಡಿ ಯಾವ ಕಾಲಿನದು ಅಂತ ಗೊತ್ತಿದ್ದವನು ಅವನು. ಅಪ್ಪನ ಕಾಲಿನ ಮುಳ್ಳು ಗೊತ್ತಿದ್ದವನು. ಚಿಕ್ಕಪ್ಪನ ನಗು ಹಾಗೇ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು, ತೆಗೆಯುವುದು ಮರೆತುಹೋದ ಹಾಗೆ. ನಾಲ್ಕು ವರ್ಷ ಶಿಕ್ಷೆಯಾಯಿತು. ಒಡವೆ ನಿಜವಾಗಿ ಯಾರು ಕದ್ದರೋ ಇವತ್ತಿಗೂ ಗೊತ್ತಿಲ್ಲ. ಹುಡುಕಿದ್ದರೆ ತಾನೆ ಗೊತ್ತಾಗುವುದು.

ಮುಂದಿನ ಸೋಮವಾರವೂ ಹಾಜರಿ ಇತ್ತು. ನಮ್ಮವರು ತಲೆ ತಗ್ಗಿಸಿಕೊಂಡು ಹೋದರು. ರೈಟರ್ ಎಂದಿನಂತೆ ಕೂಗಿದ, ಚಿಕ್ಕಪ್ಪನ ಹೆಸರನ್ನು ಮಾತ್ರ ದಾಟಿಹೋದ. ಯಾರ ಮಂಡಿಯನ್ನೂ ವಿಚಾರಿಸಲಿಲ್ಲ. ಎಲ್ಲ ಮುಗಿದ ಮೇಲೆ, ಅಭ್ಯಾಸಬಲವೋ ಏನೋ, ಕನ್ನಡಕದ ಮೇಲಿಂದ ನೋಡಿ "ಜೀರುಂಡೆ" ಅಂದ. ನಾನು "ಹಾಜರ್" ಅಂದುಬಿಟ್ಟೆ. ಯೋಚಿಸುವ ಮೊದಲೇ ಬಾಯಿ ಅಂದುಬಿಟ್ಟಿತು. ಯಾರೂ ನಗಲಿಲ್ಲ. ಅಮ್ಮ ನನ್ನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಮತ್ತೆ ಆ ಹೆಸರು ಕೂಗಲಿಲ್ಲ, ಕೆಲವು ತಿಂಗಳಲ್ಲಿ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಕೊನೆಯದಾಗಿ ಅವನಿಗೆ ಕೊಟ್ಟ ಆ ಉತ್ತರ ನಲವತ್ತೊಂದು ವರ್ಷ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಚಿಕ್ಕಪ್ಪ ಬಿಡುಗಡೆಯಾಗಿ ಬಂದಾಗ ನನ್ನ ಹೆಸರೂ ಪುಸ್ತಕ ಸೇರಿತ್ತು. ಅವನ ಮೊದಲ ಸೋಮವಾರ ನಾನು ಸಾಲಿನಲ್ಲಿ ಅವನ ಹಿಂದೆಯೇ ಇದ್ದೆ. ಅವನು ಹೆಬ್ಬೆಟ್ಟು ಒತ್ತಿ ಬೆರಳೆತ್ತಿದ. ಕಾಗದದ ಮೇಲೆ ಗೆರೆಗೆರೆಯಾಗಿ, ಸುಳಿಸುಳಿಯಾಗಿ, ಪೂರ್ತಿ ಬೆರಳು ಮೂಡಿತ್ತು. ಜೈಲಿನಲ್ಲಿ ನಾಲ್ಕು ವರ್ಷ ಅವನ ಕೈಗೆ ಒಂದು ಅಲಗೂ ಕೊಟ್ಟಿರಲಿಲ್ಲ, ಬೆರಳಿನ ಗೆರೆಗಳೆಲ್ಲ ಮತ್ತೆ ಬೆಳೆದಿದ್ದವು. ನಮ್ಮವರೆಲ್ಲ ಕತ್ತು ಚಾಚಿ ನೋಡಿದರು. ಹೊಸ ರೈಟರ್, "ಭೇಷ್, ಇದೊಂದು ಸರಿಯಾದ ಹೆಬ್ಬೆಟ್ಟು ನೋಡು" ಅಂದ. ಚಿಕ್ಕಪ್ಪ ತನ್ನ ಬೆರಳನ್ನೇ ಬೇರೆಯವರದೇನೋ ಅನ್ನುವ ಹಾಗೆ ತಿರುಗಿಸಿ ತಿರುಗಿಸಿ ನೋಡಿಕೊಂಡ. ಮನೆಗೆ ಬಂದು ಸಾಣೆ ಚಕ್ರ ತುಳಿಯಲು ಕೂತರೆ ಆ ಮೆತ್ತನೆಯ ಬೆರಳಿಗೆ ಅಲಗು ತಾಕಿದ ಕೂಡಲೇ ರಕ್ತ. ನನಗೆ ಅಳು ತಡೆಯಲಾಗಲಿಲ್ಲ. ಅವನು, "ಅಳಬೇಡ ಜೀರುಂಡೆ, ಒಂದು ವರ್ಷದಲ್ಲಿ ಅಳಿಸಿಬಿಡ್ತೀನಿ" ಅಂದ. ಅಳಿಸಿಯೂಬಿಟ್ಟ. ಕಾಲರ್ ಮಾತ್ರ ಮತ್ತೆ ನೆಟ್ಟಗೆ ನಿಲ್ಲಿಸಲಿಲ್ಲ.

ಆರು ವರ್ಷದ ಮೇಲೆ ಆ ನಿಯಮ ರದ್ದಾಯಿತು. ಮೊದಲ ಸೋಮವಾರ ಓಣಿಯವರೆಲ್ಲ ಬೇಗ ಎದ್ದು, ಒಗೆದ ಬಟ್ಟೆ ಹಾಕಿಕೊಂಡು, ಎಲ್ಲಿಗೆ ಹೋಗುವುದು ಅಂತ ಗೊತ್ತಾಗದೆ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಒಬ್ಬೊಬ್ಬರೇ ಬೇರೆ ಬೇರೆ ಬೀದಿ, ಬೇರೆ ಬೇರೆ ಊರು ಹಿಡಿದು ಚದುರಿಹೋದರು. ಮತ್ತೆ ನಾವೆಲ್ಲ ಒಂದು ಕಡೆ ಸೇರಲೇ ಇಲ್ಲ. ಚಿಕ್ಕಪ್ಪ ದೊಡ್ಡ ಬೀದಿಯಲ್ಲಿ ಅಂಗಡಿ ಹಿಡಿದ, ನೀಲಿ ಬೋರ್ಡು ಬಾಗಿಲ ಹಿಂದಿನಿಂದ ಹೊರಗೆ ಬಂತು. ಅವನು ಹೋಗಿ ಒಂಬತ್ತು ವರ್ಷವಾಯಿತು. ಈಗ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಚಕ್ರ ಕರೆಂಟಿನದು, ಬೋರ್ಡು ಅವನದೇ.

ಹೋದ ವಾರ ಒಂದು ಬೆಳಿಗ್ಗೆ ಅಂಗಡಿ ತೆರೆದು ಕಲ್ಲಿಗೆ ನೀರು ಹಾಕುತ್ತಿದ್ದೆ. ಕೋಲೂರಿಕೊಂಡು ಒಬ್ಬ ಮುದುಕ ಮೆಟ್ಟಿಲು ಹತ್ತಿದ. ಬೆಳ್ಳಗಿನ ಮೀಸೆ, ಎರಡೂ ಕಡೆ ಸಮ. ಅವನು ಮುಖ ಎತ್ತುವ ಮೊದಲೇ ನನಗೆ ಗುರುತು ಸಿಕ್ಕಿತು.

ಅವನು ಹಳೆಯ ಪೇಪರಿನ ಪೊಟ್ಟಣ ಬಿಚ್ಚಿದ. ಒಳಗೆ ಪುಟ್ಟ ಕತ್ತರಿ, ಹಿಡಿಗೆ ಸುತ್ತಿದ ಕೆಂಪು ದಾರ ಕಪ್ಪಾಗಿತ್ತು.

"ಇದಕ್ಕೆ ಸಾಣೆ ಹಿಡಿಸಿ ಎಷ್ಟೋ ವರ್ಷ ಆಯ್ತಮ್ಮ" ಅಂದವನು ನನ್ನ ಮುಖ ನೋಡಿ ನಿಂತ. ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು, ಅಷ್ಟೇ. "ನೀನು ಜೀರುಂಡೆ ಅಲ್ವಾ?"

ನನಗೀಗ ಐವತ್ತೆರಡು. ಅರ್ಧ ತಲೆ ನರೆತಿದೆ, ಮೈ ತುಂಬಿದೆ, ಹನ್ನೊಂದರ ಹುಡುಗಿಯದು ಏನೂ ಉಳಿದಿಲ್ಲ.

"ಹೇಗೆ ಗುರುತು ಹಿಡಿದ್ರಿ ಸ್ವಾಮಿ? ನಾವೆಲ್ಲ ನೋಡೋಕೆ ಒಂದೇ ಥರ ಅಲ್ವಾ?" ಅಂದೆ.

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡ. ನಾನು ಕತ್ತರಿ ತೆಗೆದುಕೊಂಡು ಚಕ್ರ ಶುರು ಮಾಡಿದೆ. ಸ್ವಲ್ಪ ಹೊತ್ತಾದ ಮೇಲೆ, ನನಗೆ ಹೇಳುತ್ತಿದ್ದಾನೋ ತನಗೇ ಹೇಳಿಕೊಳ್ಳುತ್ತಿದ್ದಾನೋ ತಿಳಿಯದ ಹಾಗೆ, "ಒಬ್ಬೊಬ್ಬರೂ ಗೊತ್ತು ನನಗೆ" ಅಂದ. ಆಮೇಲೆ ಕೂಗತೊಡಗಿದ. ದನಿ ನಡುಗುತ್ತಿತ್ತು, ಆದರೆ ಅದೇ ರಾಗ.

"ಕೆಮ್ಮಜ್ಜ. ಬೀಗದಮ್ಮ. ನಿದ್ದೆಗಣ್ಣ. ಸೊಟ್ಟಮೂಗಿ. ದೊಡ್ಡ ಗುಂಡ, ಚಿಕ್ಕ ಗುಂಡ..."

ಅವನ ಬಾಯಿ ಮುಚ್ಚಿಸಬೇಕಿತ್ತು. ಮುಚ್ಚಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಚಕ್ರದ ಸದ್ದು ಕಡಿಮೆ ಮಾಡಿ ಕಿವಿಗೊಟ್ಟು ಕೇಳಿದೆ. ಆ ಹೆಸರುಗಳನ್ನು ಸಾಲಾಗಿ ಕೂಗಬಲ್ಲವರು ಭೂಮಿಯ ಮೇಲೆ ಇನ್ನು ಯಾರಿದ್ದಾರೆ? ಒಂದೊಂದು ಹೆಸರಿಗೂ ಒಬ್ಬೊಬ್ಬರು ಒಗೆದ ಬಟ್ಟೆ ತೊಟ್ಟು ಎದ್ದು ಬಂದು ಅಂಗಳದಲ್ಲಿ ನಿಂತರು. ಅಮ್ಮ ಬಂದಳು, ತಲೆ ಬಗ್ಗಿಸಿಕೊಂಡು ಅಪ್ಪ ಬಂದ. ನನ್ನವರನ್ನೆಲ್ಲ ಮತ್ತೆ ಒಂದು ಕಡೆ ಸೇರಿಸಬಲ್ಲವನು ಇವನೊಬ್ಬನೇ ಉಳಿದಿದ್ದ.

"ಉದ್ದಪ್ಪ" ಅಂದ ಮೇಲೆ ಅವನು ಕೂಗು ನಿಲ್ಲಿಸಿದ. ಅದರ ಮುಂದಿನದು ಯಾವುದು ಅಂತ ಇಬ್ಬರಿಗೂ ಗೊತ್ತಿತ್ತು.

ನಾನು ಚಕ್ರ ನಿಲ್ಲಿಸಿದೆ. "ಕೂಗಿ ಸ್ವಾಮಿ" ಅಂದೆ.

"ದೊರೆ" ಅಂದ, ತುಟಿಯಲ್ಲಿ ಮಾತ್ರ.

"ಹಾಜರಿದ್ದನಾ?"

ಅವನು ನನ್ನ ಕೈಯಲ್ಲಿದ್ದ ಕತ್ತರಿ ನೋಡಿದ. "ಇದ್ದ."

"ಯಾವತ್ತು?"

"ಆ ಸೋಮವಾರ. ಎಂಟರಿಂದ ಒಂಬತ್ತರವರೆಗೂ. ಇದೇ ಕತ್ತರಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದ." ಕೋಲನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಒರಗಿಸಿದ. "ಕೋರ್ಟಲ್ಲಿ ಮುಂದೇನೇ ಇನ್‌ಸ್ಪೆಕ್ಟರ್ ಕೂತಿದ್ರಮ್ಮ. ನನಗೂ ಹೆಂಡ್ತಿ ಮಕ್ಕಳು..."

"ಅದನ್ನ ನಾನು ಕೇಳಲಿಲ್ಲ" ಅಂದೆ.

ನಲವತ್ತೊಂದು ವರ್ಷದ ಮೇಲೆ ಸಾಕ್ಷಿ ಸಿಕ್ಕಿತ್ತು. ಕೇಳಬೇಕಾದವನು ಗೋಡೆಯ ಮೇಲೆ ಫೋಟೋದಲ್ಲಿದ್ದ. ಖುಷಿಯಾಗಬೇಕಿತ್ತು ನನಗೆ, ಆಗಲಿಲ್ಲ. ಮತ್ತೆ ಚಕ್ರ ತಿರುಗಿಸಿ ಎರಡನೇ ಅಲಗನ್ನೂ ಹರಿತ ಮಾಡಿದೆ. ಚಿಕ್ಕಪ್ಪ ಕಲಿಸಿದ ಹಾಗೇ ಮಾಡಿದೆ, ಯಾರದೇ ಕತ್ತರಿಯಾಗಲಿ ಕೆಲಸದಲ್ಲಿ ಮೋಸವಿಲ್ಲ. ಅವನು ಉಳಿದ ಹೆಸರುಗಳನ್ನೂ ಒಂದೊಂದಾಗಿ ಕೂಗಿ ಮುಗಿಸಿದ. ಅಂಗಳ ತುಂಬಿತು.

ಕೊನೆಗೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

"ಜೀರುಂಡೆ."

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಅರ್ಧ ತೆರೆದೂ ಇತ್ತು. ಅಮ್ಮನ ನೋಟ ನೆನಪಾಯಿತು, ಹಲ್ಲು ಕಚ್ಚಿಕೊಂಡೆ. ಕತ್ತರಿಯ ಅಲಗನ್ನು ಹೆಬ್ಬೆರಳಲ್ಲಿ ಸವರಿ ನೋಡಿದೆ, ಹರಿತ ಬಂದಿತ್ತು. ಬಟ್ಟೆಯಲ್ಲಿ ಒರೆಸಿ, ಅವನು ತಂದ ಪೇಪರಿನಲ್ಲೇ ಸುತ್ತಿ, ಅವನ ಕೈಗೆ ಕೊಟ್ಟೆ.

"ಜೀರುಂಡೆ" ಅಂತ ಎರಡನೇ ಸಲ ಕೂಗಿದ. ಈ ಸಲ ಕೂಗಿದ್ದೋ, ಬೇಡಿಕೊಂಡದ್ದೋ.

"ಗೈರು ಅಂತ ಬರ್ಕೊಳ್ಳಿ ಸ್ವಾಮಿ" ಅಂದೆ.